ಮನೆಯೊಳಗೆ ನಾಯಿ, ಬೆಕ್ಕುಗಳ ಬಿಡದ ವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಿನವೂ ನೆಲ ಒರೆಸುತ್ತೇವೆ. ಆದರೂ ವಾಸನೆ ಏಕೆ ಹೋಗುವುದಿಲ್ಲ?

ಒರೆಸಿದಾಗ ಶುಚಿಯಾಗುವುದು ಮೇಲ್ಮೈ ಮಾತ್ರ. ಅಷ್ಟು ಹೊತ್ತಿಗೆ ಮೂತ್ರವು ಟೈಲ್ಸ್ ನಡುವಿನ ಸಂದಿಗೋ, ಸೋಫಾದ ಸ್ಪಂಜಿಗೋ, ಬಾಗಿಲ ಚೌಕಟ್ಟಿನ ಬುಡಕ್ಕೋ ಇಳಿದಿರುತ್ತದೆ. ನಾಯಿ, ಬೆಕ್ಕುಗಳ ಮೂತ್ರದಲ್ಲಿ ನೀರನ್ನು ಬಿಟ್ಟರೆ ಹೆಚ್ಚಾಗಿರುವುದು ಯೂರಿಯಾ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸುತ್ತಲಿನ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ಮೂಲಕ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಬಡಿಯುವ ಘಾಟು ಅದರದು. ಹೀಗಾಗಿ ಈಗಷ್ಟೇ ಮಾಡಿದ ಮೂತ್ರಕ್ಕಿಂತ ಎರಡು ದಿನ ಹಳೆಯದು ಹೆಚ್ಚು ನಾರುತ್ತದೆ.

ಬೆಕ್ಕಿನದು ಇನ್ನೂ ಬಿಗಿಯಾದ ಸಮಸ್ಯೆ. ಅದರ ಮೂತ್ರದಲ್ಲಿ ಗಂಧಕವಿರುವ ಫೆಲಿನೈನ್ ಎಂಬ ಅಮೈನೋ ಆಮ್ಲವಿದ್ದು, ಅದು ನಿಧಾನವಾಗಿ ಒಡೆಯುತ್ತಾ ಬೆಕ್ಕಿನದೇ ಎಂದು ತಕ್ಷಣ ಗುರುತು ಹಿಡಿಯಬಹುದಾದ ನಾತವನ್ನು ದಿನಗಟ್ಟಲೆ ಬಿಡುಗಡೆ ಮಾಡುತ್ತಿರುತ್ತದೆ. ಕಾಕ್ಸಿನ್ ಎಂಬ ಪ್ರೋಟೀನು ಈ ಫೆಲಿನೈನ್ ತಯಾರಿಕೆಯನ್ನು ನಿಯಂತ್ರಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕುಗಳಲ್ಲಿ ಇದರ ಪ್ರಮಾಣ ಬಹಳ ಹೆಚ್ಚು. ಹಾಗಾಗಿ ಒಂದೇ ಮನೆಯಲ್ಲಿ ಹೆಣ್ಣು ಬೆಕ್ಕಿದ್ದಾಗ ಕಾಣದ ತೊಂದರೆ, ಗಂಡು ಬೆಕ್ಕು ಪ್ರಾಯಕ್ಕೆ ಬಂದೊಡನೆ ಶುರುವಾಗುವುದರಲ್ಲಿ ಆಶ್ಚರ್ಯವಿಲ್ಲ.

ಬೇಸಿಗೆಯಲ್ಲಿ ಇಲ್ಲದ ವಾಸನೆ ಮಳೆಗಾಲದಲ್ಲಿ ಮತ್ತೆ ಬರುವುದೇಕೆ?

ರಸಗೊಬ್ಬರದ ಯೂರಿಯಾ ಚೀಲವನ್ನು ಮಳೆಗಾಲದಲ್ಲಿ ಬಾಯಿ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂದು ರೈತರಿಗೆ ಗೊತ್ತು: ಅದು ಗಾಳಿಯ ತೇವವನ್ನು ಎಳೆದುಕೊಂಡು ನೀರೊಡೆಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 73ನ್ನು ದಾಟಿದರೆ ಯೂರಿಯಾ ಕರಗತೊಡಗುತ್ತದೆ. ನಿಮ್ಮ ಟೈಲ್ಸ್ ಸಂದಿನಲ್ಲಿ ಒಣಗಿ ಕೂತಿರುವುದೂ ಅದೇ ವಸ್ತು. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಜೂನ್‌ನಿಂದ ತಿಂಗಳುಗಟ್ಟಲೆ ಆರ್ದ್ರತೆ ಈ ಮಟ್ಟಕ್ಕಿಂತ ಮೇಲೆಯೇ ಇರುವುದರಿಂದ, ಬೇಸಿಗೆಯಲ್ಲಿ ಒಣಗಿ ಸುಮ್ಮನಿದ್ದ ಕಲೆ ಮತ್ತೆ ಹಸಿಯಾಗಿ, ಬ್ಯಾಕ್ಟೀರಿಯಾಗಳು ಮತ್ತೆ ಚುರುಕಾಗಿ, ಅಮೋನಿಯಾ ಮತ್ತೆ ಏಳುತ್ತದೆ.

ಇದರಿಂದ ಒಂದು ಉಪಯೋಗವೂ ಇದೆ. ಬೇಸಿಗೆಯಲ್ಲಿ ಮನೆ ಶುಚಿಯಾಗಿದೆಯೇ ಎಂದು ಪರೀಕ್ಷಿಸಬೇಕಾದರೆ ಅನುಮಾನವಿರುವ ಜಾಗದ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಾಲು ಗಂಟೆ ಹಾಸಿ, ಆಮೇಲೆ ನೆಲಕ್ಕೆ ಮೂಗು ತಂದು ನೋಡಬಹುದು. ಅಂತೆಯೇ, ಬಾಡಿಗೆಗೆ ಮನೆ ನೋಡುವವರು ಸಾಧ್ಯವಾದರೆ ಮಳೆ ಬಿದ್ದ ದಿನವೇ ಹೋಗಿ ನೋಡುವುದು ಜಾಣತನ.

ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆ?

ಇಡೀ ಕೆಲಸದ ಅರ್ಧ ಭಾಗ ಇದೇ. ಜಾಗ ಗೊತ್ತಾಗದೆ ಇಡೀ ಮನೆಯನ್ನು ತೊಳೆಯುವುದಕ್ಕಿಂತ ಜಾಗ ಹಿಡಿದು ಒಂದು ಚದರ ಅಡಿಯನ್ನು ಸರಿಯಾಗಿ ತೊಳೆಯುವುದು ಮೇಲು.

365ರಿಂದ 395 ನ್ಯಾನೊಮೀಟರ್‌ನ ನೇರಳಾತೀತ ಟಾರ್ಚುಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ರಾತ್ರಿ ದೀಪಗಳನ್ನೆಲ್ಲ ಆರಿಸಿ, ಗೋಡೆಯ ಬುಡ, ಮಂಚದ ಕಾಲು, ಪರದೆಯ ಅಂಚು, ಶೂ ರ‍್ಯಾಕ್‌ನ ಹಿಂಭಾಗ, ವಾಷಿಂಗ್ ಮಷೀನಿನ ಪಕ್ಕ ಹೀಗೆ ನಿಧಾನವಾಗಿ ಬೆಳಕು ಹಾಯಿಸಿದರೆ ಒಣಗಿದ ಮೂತ್ರ ಮಂಕಾದ ಹಳದಿ ಅಥವಾ ಹಸಿರು ಹಳದಿಯಾಗಿ ಹೊಳೆಯುತ್ತದೆ. ಆದರೆ ಬಟ್ಟೆ ಸೋಪಿನ ಪುಡಿಯ ಶೇಷವೂ ಹೊಳೆಯುತ್ತದೆ. ಅದರ ಹೊಳಪು ನೀಲಿ ಬಿಳಿ. ಹೊಳೆದದ್ದೆಲ್ಲ ಮೂತ್ರವಲ್ಲವಾದ್ದರಿಂದ ಕೊನೆಯ ತೀರ್ಮಾನವನ್ನು ಮೂಗಿಗೇ ಬಿಡಬೇಕು. ಸಿಕ್ಕ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ದೀಪ ಹಾಕಿದೊಡನೆ ಎಲ್ಲವೂ ಮಾಯವಾಗುತ್ತದೆ.

ನೆಲವನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ಕಾಲೆತ್ತುವ ಗಂಡು ನಾಯಿಯ ಕಲೆ ಅದರ ಎತ್ತರಕ್ಕೆ ತಕ್ಕಂತೆ ಗೋಡೆಯ ಮೇಲಿರುತ್ತದೆ. ಬಾಲವೆತ್ತಿ ಚಿಮ್ಮಿಸುವ ಬೆಕ್ಕಿನದು ನಿಂತ ವಸ್ತುಗಳ ಮೇಲಿದ್ದು ಅಲ್ಲಿಂದ ಕೆಳಗೆ ಹರಿದಿರುತ್ತದೆ.

ಸಾಕುಪ್ರಾಣಿಯದಲ್ಲದ ವಾಸನೆಯೂ ಇರಬಹುದೇ?

ಖಂಡಿತ. ಹೆಚ್ಚು ಬಳಸದ ಬಚ್ಚಲಿನ ನೀರಿನ ಜಾಲಿಯ ಕೆಳಗಿರುವ ಟ್ರ್ಯಾಪ್ (ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುವ ಬಾಗು) ಒಣಗಿದರೆ ಚರಂಡಿಯ ಗಾಳಿ ಮನೆಯೊಳಗೆ ಬರುತ್ತದೆ, ಬೈಗುಳ ಮಾತ್ರ ನಾಯಿಗೆ ಸಿಗುತ್ತದೆ. ಅಂಥ ಕಡೆ ಒಂದು ಬಕೆಟ್ ನೀರು ಸುರಿದು ಒಂದು ದಿನ ಕಾದು ನೋಡಿ.

ಮೂತ್ರ ಈಗಷ್ಟೇ ಆಗಿದೆ. ಮೊದಲು ಏನು ಮಾಡಬೇಕು?

ಹಳೆಯ ಹತ್ತಿ ಬಟ್ಟೆಯನ್ನು ಮಡಿಸಿ ಅದರ ಮೇಲಿಟ್ಟು ಒತ್ತಬೇಕು, ಉಜ್ಜಬಾರದು. ಉಜ್ಜಿದರೆ ಕಲೆ ಅಗಲವಾಗುತ್ತದೆ, ಜಮಖಾನೆಯಾಗಿದ್ದರೆ ಎಳೆಗಳೊಳಗೆ ಇಳಿಯುತ್ತದೆ. ಬಟ್ಟೆ ಬದಲಿಸುತ್ತಾ ತೇವ ಬರುವುದು ನಿಲ್ಲುವವರೆಗೆ ಒತ್ತಿ, ನಂತರ ತಣ್ಣೀರು ಹಾಕಿ ಮತ್ತೆ ಒತ್ತಿ ತೆಗೆಯಿರಿ. ಇಷ್ಟನ್ನು ಮೊದಲ ಹತ್ತು ನಿಮಿಷದಲ್ಲಿ ಮಾಡಿದರೆ ಮುಂದಿನ ಪ್ರಶ್ನೆಗಳಲ್ಲಿ ಹಲವು ನಿಮಗೆ ಬೇಕಾಗುವುದೇ ಇಲ್ಲ. ಬಟ್ಟೆ, ಜಮಖಾನೆ, ಸೋಫಾಗಳಿಗೆ ಹಬೆ ಯಂತ್ರ ಬೇಡ. ಶಾಖವು ಮೂತ್ರದ ಪ್ರೋಟೀನನ್ನು ಎಳೆಗಳಿಗೆ ಗಟ್ಟಿಯಾಗಿ ಕೂರಿಸುತ್ತದೆ.

ಕೈಗವಸು ಹಾಕಿಕೊಳ್ಳುವುದು ಅತಿಯಾದ ಎಚ್ಚರಿಕೆಯಲ್ಲ. ಇಲಿ ಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯಿಂದಷ್ಟೇ ಅಲ್ಲದೆ ಸೋಂಕು ತಗಲಿದ ನಾಯಿಯ ಮೂತ್ರದಿಂದಲೂ ಹರಡಬಲ್ಲದು, ಕೈಯ ಸಣ್ಣ ಗಾಯವೂ ಅದಕ್ಕೆ ದಾರಿಯಾಗುತ್ತದೆ. ನಾಯಿಗೆ ಇದರ ವಿರುದ್ಧ ಲಸಿಕೆ ಇದೆ.

ವಿನೆಗರ್ ಹಾಕಿದರೆ ವಾಸನೆ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಅಮೋನಿಯಾ ಕ್ಷಾರ, ವಿನೆಗರ್ ಆಮ್ಲ. ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು ಬೆರೆಸಿ ಹಾಕಿದರೆ ಘಾಟು ಆ ಹೊತ್ತಿಗೆ ತಗ್ಗುವುದು ನಿಜ. ಆದರೆ ಇದನ್ನು ಹಾಕುವ ಮೊದಲು ನಿಮ್ಮ ನೆಲ ಯಾವುದೆಂದು ತಿಳಿದುಕೊಳ್ಳಲೇಬೇಕು, ಏಕೆಂದರೆ ಹೊರದೇಶದ ಮರದ ನೆಲಗಳನ್ನು ಮನಸ್ಸಿನಲ್ಲಿಟ್ಟು ಬರೆದ ಸಲಹೆಗಳನ್ನು ಇಲ್ಲಿನ ಕಲ್ಲಿನ ನೆಲಕ್ಕೆ ಹಾಗೆಯೇ ಬಳಸಿ ನೆಲ ಕೆಡಿಸಿಕೊಂಡವರು ಬಹಳ.

ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಕಪ್ಪಾದ ಕಡಪ ಕಲ್ಲೂ ಅದೇ ಜಾತಿಯದು. ಅಮೃತಶಿಲೆಯೂ ರಾಸಾಯನಿಕವಾಗಿ ಇವುಗಳ ಬಳಗವೇ. ಮೊಸಾಯಿಕ್ ನೆಲದಲ್ಲಿರುವ ಚಿಕ್ಕ ಬಣ್ಣದ ಚೂರುಗಳು ಸಾಮಾನ್ಯವಾಗಿ ಅಮೃತಶಿಲೆಯವು. ಇವುಗಳ ಮೇಲೆ ವಿನೆಗರ್, ನಿಂಬೆರಸ, ಹುಣಸೆಹುಳಿ ಯಾವುದು ಬಿದ್ದರೂ ಕಲ್ಲು ಕರಗಿ ಹೊಳಪು ಹೋಗುತ್ತದೆ, ಮೈ ಒರಟಾಗುತ್ತದೆ. ಒರಟಾದ ಕಲ್ಲು ಮುಂದಿನ ಸಲ ಇನ್ನಷ್ಟು ಮೂತ್ರವನ್ನು ಹೀರುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಸಿಮೆಂಟಿನದಾದ್ದರಿಂದ ಅದನ್ನೂ ಆಮ್ಲ ತಿನ್ನುತ್ತದೆ, ವರ್ಷಗಳ ಕಾಲ ಒರೆಸಿ ತಂದ ಮಿರುಗು ಒಂದೇ ಮಧ್ಯಾಹ್ನದಲ್ಲಿ ಬಿಳಿಚಿಕೊಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡಂತೂ ಇವುಗಳ ಹತ್ತಿರವೂ ಬರಬಾರದು.

ವಿಟ್ರಿಫೈಡ್ ಮತ್ತು ಸೆರಾಮಿಕ್ ಟೈಲ್ಸ್‌ಗೆ ವಿನೆಗರಿನಿಂದ ತೊಂದರೆಯಿಲ್ಲ, ಆದರೆ ಅವುಗಳ ಸಂದು ತುಂಬಿದ್ದು ಸಿಮೆಂಟಾದರೆ ಹಾಕಿದ ಐದು ನಿಮಿಷದಲ್ಲಿ ನೀರಿನಿಂದ ತೊಳೆದುಬಿಡಬೇಕು. ಗ್ರಾನೈಟ್ ಗಟ್ಟಿ ಕಲ್ಲಾದರೂ ಅದರ ಮೇಲಿನ ಸೀಲರ್ ಲೇಪ ಆಮ್ಲಕ್ಕೆ ಸವೆಯಬಹುದು.

ಸುಣ್ಣದ ಅಂಶವಿರುವ ನೆಲಗಳಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸಿದ ನೀರು, ಆಮೇಲೆ ಸಾದಾ ನೀರು, ಆಮೇಲೆ ಕೆಳಗೆ ಹೇಳಿರುವ ಕಿಣ್ವದ ದ್ರಾವಣ, ಇಷ್ಟೇ ಸಾಕು.

ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಹಾಕಬಹುದೇ?

ನೊರೆ ಬರುವುದನ್ನು ನೋಡಲು ಚೆನ್ನಾಗಿರುತ್ತದೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡೂ ಒಂದನ್ನೊಂದು ಮುಗಿಸಿಕೊಂಡು ಉಳಿಯುವುದು ಬಹುಮಟ್ಟಿಗೆ ಉಪ್ಪಿನ ನೀರು. ಸೋಡಾವನ್ನು ಒಣ ಪುಡಿಯಾಗಿ, ಒಣಗಿದ ಜಮಖಾನೆ ಅಥವಾ ಹಾಸಿಗೆಯ ಮೇಲೆ ರಾತ್ರಿ ಉದುರಿಸಿ ಬೆಳಿಗ್ಗೆ ವ್ಯಾಕ್ಯೂಮ್‌ನಿಂದಲೋ ಬ್ರಷ್ಷಿನಿಂದಲೋ ತೆಗೆದರೆ ಅದರ ನಿಜವಾದ ಪ್ರಯೋಜನ ಸಿಗುತ್ತದೆ.

ಫಿನಾಯಿಲ್ ಹಾಕಿ ಒರೆಸುವುದರಲ್ಲಿ ಏನು ತಪ್ಪು?

ನಮ್ಮ ಮನೆಗಳಲ್ಲಿ ಶುಚಿಯೆಂದರೆ ಫಿನಾಯಿಲ್ ವಾಸನೆ ಎಂಬ ನಂಬಿಕೆ ಬಲವಾಗಿದೆ, ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ: ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡ. ಕಪ್ಪು ಫಿನಾಯಿಲಿನಲ್ಲಿ ಕಲ್ಲಿದ್ದಲ ಡಾಂಬರಿನಿಂದ ಬಂದ ಫಿನಾಲ್ ಜಾತಿಯ ವಸ್ತುಗಳಿರುತ್ತವೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ ಇರುತ್ತದೆ. ಇಂಥ ವಸ್ತುಗಳನ್ನು ಮನುಷ್ಯರ ಮತ್ತು ನಾಯಿಗಳ ಯಕೃತ್ತು ಬೇಗ ಬದಲಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಬೆಕ್ಕು ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಕೂತು ಪಾದವನ್ನು ನೆಕ್ಕಿಕೊಳ್ಳುತ್ತದೆ. ಹೀಗೆ ನೆಲಕ್ಕೆ ಹಾಕಿದ್ದು ಹೊಟ್ಟೆಗೆ ಹೋಗುತ್ತದೆ. ಸುವಾಸನೆಯ ನೆಲ ಒರೆಸುವ ದ್ರವಗಳಲ್ಲಿ ಬೆನ್ಜಾಲ್ಕೋನಿಯಂ ಕ್ಲೋರೈಡ್ ಇರುವವೂ ಉಂಟು, ಅದು ಗಟ್ಟಿಯಾಗಿದ್ದರೆ ಬೆಕ್ಕಿನ ನಾಲಿಗೆಯಲ್ಲಿ ಹುಣ್ಣು, ಜೊಲ್ಲು ಸುರಿಯುವಿಕೆ ಕಾಣಿಸುತ್ತದೆ. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ, ಹೇಳಿದ ಪ್ರಮಾಣದ ನೀರು ಬೆರೆಸಿ, ನೆಲ ಪೂರ್ತಿ ಒಣಗುವವರೆಗೆ ಪ್ರಾಣಿಯನ್ನು ಬೇರೆ ಕೋಣೆಯಲ್ಲಿಡಬೇಕು.

ನಾಯಿ ಮಾತ್ರ ಇರುವ ಮನೆಯಲ್ಲೂ ಫಿನಾಯಿಲ್ ಮೂತ್ರದ ವಾಸನೆಯನ್ನು ಮರೆಮಾಡುವುದೇ ಹೊರತು ತೆಗೆಯುವುದಿಲ್ಲ. ನಮ್ಮ ಮೂಗಿಗೆ ಮರೆಯಾದದ್ದು ನಾಯಿಯ ಮೂಗಿಗೆ ಮರೆಯಾಗುವುದಿಲ್ಲ.

ಬ್ಲೀಚಿಂಗ್ ಪುಡಿ?

ಮೂತ್ರ ಇರುವ ಜಾಗಕ್ಕೆ ನೇರವಾಗಿ ಹಾಕಲೇಬೇಡಿ. ಅದರ ಕ್ಲೋರಿನ್ ಅಮೋನಿಯಾದೊಡನೆ ಸೇರಿದರೆ ಕ್ಲೋರಮೈನ್ ಎಂಬ, ಕಣ್ಣು ಮತ್ತು ಶ್ವಾಸಕೋಶವನ್ನು ಸುಡುವ ಅನಿಲ ಏಳುತ್ತದೆ. ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ಡಿನೊಡನೆ ಸೇರಿದರೆ ಬರುವುದು ಕ್ಲೋರಿನ್ ಅನಿಲವೇ. ಮುಚ್ಚಿದ ಬಚ್ಚಲಲ್ಲಿ ಇದು ಜೀವಕ್ಕೇ ಅಪಾಯ.

ಅಗರಬತ್ತಿ, ಲೋಬಾನ, ಕರ್ಪೂರದ ಹೊಗೆ ಹಾಕುತ್ತೇವೆ. ಸಾಲದೇ?

ದೇವರ ಮನೆಗೆ ಸಾಕು, ಮೂತ್ರದ ಕಲೆಗೆ ಸಾಲದು. ಹೊಗೆ ಹಾಕಿದ ಮೇಲೆ ಮನೆಯಲ್ಲಿ ಎರಡು ವಾಸನೆಗಳಿರುತ್ತವೆ ಅಷ್ಟೆ. ಕರ್ಪೂರದ ಬಿಲ್ಲೆ, ಬೀರುವಿಗೆ ಹಾಕುವ ನ್ಯಾಫ್ತಲೀನ್ ಗುಳಿಗೆ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಇವು ಸಾಕುಪ್ರಾಣಿಗಳಿಗೆ ವಿಷ. ಬೆಕ್ಕು ಬರಬಾರದೆಂದು ಮೂಲೆಗಳಲ್ಲಿ ನ್ಯಾಫ್ತಲೀನ್ ಗುಳಿಗೆ ಇಡುವ ಪದ್ಧತಿಯನ್ನು ಬಿಡಲೇಬೇಕು. ನಾಯಿಮರಿಯೊಂದು ಒಂದೇ ಗುಳಿಗೆ ನುಂಗಿದರೂ ತಕ್ಷಣ ಪಶುವೈದ್ಯರ ಬಳಿಗೆ ಹೋಗಬೇಕಾಗುತ್ತದೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ?

ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುವ, ಕಿಣ್ವ ಅಥವಾ ಜೀವಂತ ಬ್ಯಾಕ್ಟೀರಿಯಾ ಇರುವ ಶುಚಿಕಾರಕ ದ್ರಾವಣ. ಇದು ಮೂತ್ರ, ಮಲ, ವಾಂತಿಗಳಲ್ಲಿರುವ ವಸ್ತುಗಳನ್ನು ಒಡೆದು ವಾಸನೆಯ ಮೂಲವನ್ನೇ ಇಲ್ಲದಂತೆ ಮಾಡುತ್ತದೆ. ಇದನ್ನು ಕೊಂಡು ತಂದು "ಪ್ರಯೋಜನವಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಗಾಜು ಒರೆಸುವ ದ್ರವದ ಹಾಗೆ ಚಿಮುಕಿಸಿ ಒರೆಸಿಬಿಟ್ಟಿರುತ್ತಾರೆ. ಕಿಣ್ವಕ್ಕೆ ಸಮಯ ಬೇಕು, ತೇವ ಬೇಕು.

ಮೂತ್ರ ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಹೋಗಿದೆಯೋ ದ್ರಾವಣವೂ ಅಲ್ಲಿಯವರೆಗೆ ಹೋಗಬೇಕು, ಆದ್ದರಿಂದ ಕಾಣುವ ಕಲೆಗಿಂತ ನಾಲ್ಕು ಬೆರಳು ಹೆಚ್ಚಿನ ಅಗಲಕ್ಕೆ ತೊಯ್ಯುವಂತೆ ಸುರಿದು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಬಿಡಬೇಕು. ಈ ನಡುವೆ ವಾಸನೆ ಹೆಚ್ಚಾದಂತೆ ಅನ್ನಿಸಿದರೆ ಗಾಬರಿಯಾಗಬೇಕಿಲ್ಲ, ಒಡೆಯುವ ಕೆಲಸ ನಡೆಯುತ್ತಿದೆ. ಆಮೇಲೆ ಹಾಳೆ ತೆಗೆದು, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅದೇ ಜಾಗಕ್ಕೆ ಮೊದಲು ಫಿನಾಯಿಲ್ ಅಥವಾ ಬ್ಲೀಚ್ ಹಾಕಿದ್ದರೆ ಚೆನ್ನಾಗಿ ನೀರಲ್ಲಿ ತೊಳೆದು ಒಂದು ದಿನ ಬಿಡಿ, ಇಲ್ಲವಾದರೆ ಕ್ರಿಮಿನಾಶಕದ ಶೇಷವು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕುದಿಯುವ ನೀರೂ ಕಿಣ್ವವನ್ನು ಕೆಡಿಸುತ್ತದೆ. ಉಣ್ಣೆ, ರೇಷ್ಮೆ ಸ್ವತಃ ಪ್ರೋಟೀನಿನ ನೂಲುಗಳಾದ್ದರಿಂದ ಅವುಗಳಿಗೆ ಈ ದ್ರಾವಣ ಹಾಕಬಾರದು.

ಮನೆಯಲ್ಲೇ ಮಾಡಿದ ಬಯೋ ಎಂಜೈಮ್ ಇದಕ್ಕೆ ಆಗುತ್ತದೆಯೇ?

ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆಗಳ ಸಿಪ್ಪೆ, ಹತ್ತು ಪಾಲು ನೀರನ್ನು ಮೂರು ತಿಂಗಳು ಕೊಳೆಯಿಸಿ ಮಾಡುವ ದ್ರವ ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಹಳ ಜನಪ್ರಿಯ. ಹಸಿ ಕಸ ಕಡಿಮೆ ಮಾಡುವ ದೃಷ್ಟಿಯಿಂದ ಅದು ಒಳ್ಳೆಯ ಅಭ್ಯಾಸ. ಆದರೆ ಅದರ ಶುಚಿಕಾರಕ ಗುಣ ಮುಖ್ಯವಾಗಿ ಹುದುಗುವಿಕೆಯಲ್ಲಿ ಹುಟ್ಟಿದ ಆಮ್ಲದ್ದು. ಹೀಗಾಗಿ ವಿನೆಗರಿನ ಬಗ್ಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆ: ಟೈಲ್ಸ್ ಮೇಲೆ ಸರಿ, ಕಡಪ ಕಲ್ಲಿನ ಮೇಲೆ ಬೇಡ, ಹಳೆಯ ಬೆಕ್ಕಿನ ಕಲೆಗೆ ಇದನ್ನೇ ನಂಬಿ ಕೂರಬೇಡಿ.

ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದೇ?

ಬಳಸಬಹುದು, ಬೆಕ್ಕಿನ ಗಂಧಕದ ನಾತಕ್ಕೆ ಇದು ವಿಶೇಷವಾಗಿ ಒಳ್ಳೆಯದು, ಏಕೆಂದರೆ ಅದು ಆ ವಸ್ತುಗಳನ್ನು ಆಕ್ಸಿಡೀಕರಿಸಿ ವಾಸನೆಯಿಲ್ಲದವನ್ನಾಗಿ ಮಾಡುತ್ತದೆ. ಔಷಧದ ಅಂಗಡಿಯಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು, ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿರುತ್ತದೆ. ಅಷ್ಟೇ ನೀರು ಬೆರೆಸಿದರೆ ಶೇಕಡಾ 3 ಆಗುತ್ತದೆ. ಇದರ ಒಂದು ಲೀಟರಿಗೆ ನಾಲ್ಕು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಕೂಡಲೇ ಬಳಸಿ, ಉಳಿದದ್ದನ್ನು ಚೆಲ್ಲಿ. ಮುಚ್ಚಳ ಬಿಗಿದು ಇಟ್ಟರೆ ಆಮ್ಲಜನಕದ ಒತ್ತಡಕ್ಕೆ ಬಾಟಲಿ ಒಡೆಯುತ್ತದೆ. ಇದು ಬಣ್ಣ ತೆಗೆಯುವ ವಸ್ತುವಾದ್ದರಿಂದ ಬಟ್ಟೆ, ಕಪ್ಪು ಕಲ್ಲು, ಬಣ್ಣದ ನೆಲಗಳಲ್ಲಿ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ಕಿಣ್ವದ ದ್ರಾವಣದ ಜೊತೆಯಲ್ಲಿ ಅಥವಾ ವಿನೆಗರಿನೊಡನೆ ಬೆರೆಸಬಾರದು.

ಹಾಸಿಗೆ ಮತ್ತು ಸೋಫಾಗಳನ್ನು ಉಳಿಸಿಕೊಳ್ಳಬಹುದೇ?

ಹತ್ತಿಯ ಹಾಸಿಗೆಯನ್ನು ಬಿಚ್ಚಬಹುದೆಂಬುದೇ ಅದರ ಅನುಕೂಲ. ಕೆಟ್ಟ ಭಾಗದ ಹತ್ತಿಯನ್ನು ತೆಗೆದುಹಾಕಿ, ಉಳಿದದ್ದನ್ನು ಬಿಸಿಲಿಗೆ ಹಾಕಿ ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿಸಿದರೆ ಹಾಸಿಗೆ ಉಳಿಯುತ್ತದೆ. ತೆಂಗಿನ ನಾರಿನ ಹಾಸಿಗೆಯಲ್ಲಿ ದ್ರಾವಣ ಒಳಗಿಳಿದರೂ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ. ಸ್ಪಂಜಿನದೇ ಕಷ್ಟ: ಮೂರು ನಾಲ್ಕು ಸಲ ಒಂದೇ ಕಡೆ ಮೂತ್ರವಾಗಿದ್ದರೆ ಸ್ಪಂಜನ್ನು ಬದಲಿಸುವುದೇ ಕಡಿಮೆ ಖರ್ಚಿನ ದಾರಿ, ಸೋಫಾದ ಕುಶನ್ ಆಗಿದ್ದರೆ ಆ ಅಳತೆಯ ತುಂಡನ್ನು ಕತ್ತರಿಸಿಕೊಡುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಯಾವುದನ್ನೇ ಆಗಲಿ ಅರ್ಧ ಒಣಗಿಸಿ ಒಳಗೆ ತಂದರೆ ಮೂತ್ರದ ವಾಸನೆಯ ಜಾಗದಲ್ಲಿ ಬೂಷ್ಟಿನ ವಾಸನೆ ಬರುತ್ತದೆ, ಹಾಗಾಗಿ ಈ ಕೆಲಸವನ್ನು ಜುಲೈಯಲ್ಲಿ ಮಾಡದೆ ಬಿಸಿಲ ದಿನಗಳಿಗೆ ಇಟ್ಟುಕೊಳ್ಳಿ.

ತೊಳೆದ ಮೇಲೂ ಅದೇ ಜಾಗಕ್ಕೆ ಹೋಗಿ ಮಾಡುತ್ತದೆ. ಏಕೆ?

ಒಂದೋ ವಾಸನೆ ಉಳಿದಿದೆ, ಇಲ್ಲವೇ ಪ್ರಾಣಿಗೆ ಬೇರೆ ಕಾರಣವಿದೆ. ಅಮೋನಿಯಾ ಇರುವ ಶುಚಿಕಾರಕ ಬಳಸಿದ್ದರೆ ನೀವೇ ಅದಕ್ಕೆ ಗುರುತು ಹಾಕಿಕೊಟ್ಟಂತಾಗಿದೆ. ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕು ಚಿಮ್ಮಿಸುವುದು ಗಡಿ ಗುರುತಿಸುವ ಸಹಜ ಸ್ವಭಾವ. ಶಸ್ತ್ರಚಿಕಿತ್ಸೆಯ ನಂತರ ಬಹುಪಾಲು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಇಲ್ಲವೇ ಬಹಳ ಕಡಿಮೆಯಾಗುತ್ತದೆ, ಮೂತ್ರದ ಘಾಟೂ ತಗ್ಗುತ್ತದೆ. ಇದ್ದಕ್ಕಿದ್ದಂತೆ ಅಭ್ಯಾಸ ಕೆಟ್ಟ ಪ್ರಾಣಿಗೆ ಮೂತ್ರಕೋಶದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರಬಹುದಾದ್ದರಿಂದ ಗದರಿಸುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಮರುದಿನದವರೆಗೆ ಕಾಯುವ ವಿಷಯವಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಬೆಕ್ಕಿನ ಮರಳಿನ ತಟ್ಟೆಯ ವಾಸನೆಗೆ ಏನು ಮಾಡುವುದು?

ಪ್ರತಿದಿನ ಗಟ್ಟಿ ಉಂಡೆಗಳನ್ನು ತೆಗೆಯಬೇಕು. ಒಂದು ಬೆಕ್ಕಿಗೆ ಎರಡು ತಟ್ಟೆ, ಎರಡಕ್ಕೆ ಮೂರು ಎಂಬುದು ಸಾಮಾನ್ಯ ಲೆಕ್ಕ. ತಟ್ಟೆಯನ್ನು ವಾರಕ್ಕೊಮ್ಮೆ ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಒಣಗಿಸಿ. ಪ್ಲಾಸ್ಟಿಕ್ ಗೀರುಬಿದ್ದು ನಾರತೊಡಗಿದರೆ ತಟ್ಟೆಯನ್ನೇ ಬದಲಿಸಿ. ಸುವಾಸನೆ ಬೆರೆಸಿದ ಮರಳು ನಮಗೆ ಹಿತ, ಹಲವು ಬೆಕ್ಕುಗಳು ಅದರಿಂದಲೇ ತಟ್ಟೆ ಬಿಟ್ಟು ಸೋಫಾ ಹಿಡಿಯುತ್ತವೆ. ದಿನವೂ ತೆಗೆಯುವುದಕ್ಕೆ ಇನ್ನೊಂದು ಕಾರಣವಿದೆ: ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೋಪ್ಲಾಸ್ಮಾ ಪರೋಪಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಬೇಕು.

ನಾಯಿಗೆ ಸ್ನಾನ ಮಾಡಿಸಿದರೂ ಮೈಯಿಂದ ವಾಸನೆ ಬರುತ್ತದೆ.

ಒದ್ದೆ ನಾಯಿಯ ವಾಸನೆಗೆ ಅದರ ತುಪ್ಪಳದ ಮೇಲಿನ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಕಾರಣ, ಟವೆಲಿನಿಂದ ಒತ್ತಿ ಬುಡದವರೆಗೆ ಒಣಗಿಸಿದರೆ ಅದು ಹೋಗುತ್ತದೆ. ಒಣಗಿದ ಮೇಲೂ ಉಳಿದರೆ ಕಿವಿ, ಬಾಯಿ, ಬಾಲದ ಕೆಳಗಿನ ಗುದಗ್ರಂಥಿ ಮತ್ತು ಬೆರಳ ಸಂದುಗಳನ್ನು ಪಶುವೈದ್ಯರು ನೋಡಬೇಕು. ಇಂಥ ನಾಯಿಯ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯದೆ ಮನೆಯ ವಾಸನೆ ಹೋಗುವುದಿಲ್ಲ.

ಎಲ್ಲವನ್ನೂ ಮಾಡಿದ್ದೇವೆ. ಆದರೂ ವಾಸನೆ ಉಳಿದಿದೆ.

ಹಾಗಿದ್ದರೆ ಮೂತ್ರ ಸಿಮೆಂಟಿನೊಳಗೆ ಹೋಗಿದೆ ಎಂದರ್ಥ. ಹಿಂದಿನ ಬಾಡಿಗೆದಾರರು ಪ್ರಾಣಿಗಳನ್ನು ಸಾಕಿದ್ದ ಮನೆಗಳಲ್ಲಿ ಇದು ಹೆಚ್ಚು. ಟೈಲ್ಸ್ ಸಂದಿನ ಹಳೆಯ ಸಿಮೆಂಟನ್ನು ಗೀರಿ ತೆಗೆಸಿ, ಒಳಗಿನ ಜಾಗಕ್ಕೆ ಕಿಣ್ವದ ದ್ರಾವಣ ಹಾಕಿ ಒಣಗಿಸಿ, ಇಪಾಕ್ಸಿ ಗ್ರೌಟ್ ತುಂಬಿಸಿದರೆ ಮುಂದೆ ನೀರೂ ಮೂತ್ರವೂ ಇಳಿಯುವುದಿಲ್ಲ. ಗೋಡೆಗೆ ಡಿಸ್ಟೆಂಪರ್ ಇದ್ದರೆ ಕೆಳಗಿನ ಎರಡು ಅಡಿಯನ್ನು ಕೆರೆಸಿ, ತೊಳೆದು, ಪೂರ್ತಿ ಒಣಗಿದ ಮೇಲೆ ಎಣ್ಣೆ ಆಧಾರಿತ ಪ್ರೈಮರ್ ಹಚ್ಚಿಸಿ ಅದರ ಮೇಲೆ ತೊಳೆಯಬಹುದಾದ ಬಣ್ಣ ಬಳಿಸಬೇಕು. ತೊಳೆಯದೆ ಬಣ್ಣ ಬಳಿಸಿದರೆ ಮೊದಲ ಮಳೆಗೆ ಹಣ ವ್ಯರ್ಥವಾಯಿತೆಂದು ತಿಳಿಯುತ್ತದೆ. ಪ್ಲೈವುಡ್ಡಿನ ಬಾಗಿಲು ಅಥವಾ ಕಪಾಟಿನ ತಳ ಉಬ್ಬಿದ್ದರೆ ಅದನ್ನು ಶುಚಿಮಾಡುವ ಪ್ರಯತ್ನ ಬೇಡ, ಆ ಹಲಗೆಯನ್ನು ಬದಲಿಸಿ. ಬಾಡಿಗೆ ಮನೆಯಾದರೆ ಈ ಕೆಲಸಗಳಿಗೆ ಕೈಹಾಕುವ ಮೊದಲು ಮಾಲೀಕರೊಡನೆ ಮಾತಾಡಿ, ಖರ್ಚು ಯಾರದೆಂಬುದನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.